ಬೂಟ್‌ಲೋಡರ್‌ಗೂ ಬಾಯಿ ಬೇಕು

ಮಾನ್ಯ ಸಂಪಾದಕರೇ,

ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ, ಬೀದಿದೀಪದ ಕಂಟ್ರೋಲರು, ಪಂಚಾಯಿತಿ ಕಟ್ಟಡದ ಮೇಲಿನ ಮಳೆ ಮಾಪಕ, ಪಂಪ್‌ಹೌಸಿನ ಗೇಟ್‌ವೇ. ಜಾಲಕ್ಕೆ ಅಂಟಿಕೊಂಡ ಇಂಥ ಪುಟ್ಟ ಕಂಪ್ಯೂಟರುಗಳು ಈಗ ಊರೂರಲ್ಲೂ ಇವೆ. ಅವು ಕೆಟ್ಟಾಗ ಕಚೇರಿಯ ಪರದೆಯ ಮೇಲೆ ಕಾಣುವುದು ಒಂದೇ ಪದ: ಆಫ್‌ಲೈನ್. ಕರೆಂಟ್ ಹೋಗಿದೆಯೋ, ಕೇಬಲ್ ಕಿತ್ತಿದೆಯೋ, ಫ್ಲ್ಯಾಷ್ ಮೆಮೊರಿ ಕೆಟ್ಟಿದೆಯೋ, ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯೋ, ಯಾವುದೂ ಗೊತ್ತಾಗದು. ಗೊತ್ತಾಗಬೇಕಾದರೆ ತಂತ್ರಜ್ಞರೊಬ್ಬರು ಲ್ಯಾಪ್‌ಟಾಪ್, ಸೀರಿಯಲ್ ಕೇಬಲ್ ಹಿಡಿದು ಅಲ್ಲಿಯ ತನಕ ಹೋಗಬೇಕು, ಏಣಿ ಹತ್ತಬೇಕು, ಮುಚ್ಚಳದ ಸ್ಕ್ರೂ ಬಿಚ್ಚಬೇಕು. ಇದರಲ್ಲಿ ಎಷ್ಟೋ ಅಲೆದಾಟವನ್ನು ತಪ್ಪಿಸಬಹುದು. ಪೆಟ್ಟಿಗೆಯೊಳಗೆ ಮುಖ್ಯ ತಂತ್ರಾಂಶಕ್ಕಿಂತ ಮೊದಲೇ ಎದ್ದು ಅದನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮಿಗೆ ಜಾಲದ ಮೇಲೆ ಒಂದು ಸಾಲು ಹೇಳುವಷ್ಟು ಬಾಯಿ ಕೊಟ್ಟರೆ ಸಾಕು. ಅದಕ್ಕೆ ಹೊಸ ಬಿಡಿಭಾಗ ಬೇಡ, ಹೊಸ ಲೈಸೆನ್ಸ್ ಬೇಡ. ಈ ಪೆಟ್ಟಿಗೆಗಳನ್ನು ಮಾಡುವವರು, ಕೊಳ್ಳುವವರು, ಇವುಗಳ ಬಗ್ಗೆ ಪಾಠ ಹೇಳುವವರು ಮೂವರೂ ತಮ್ಮ ಪತ್ರಿಕೆ ಓದುತ್ತಾರೆಂಬ ಕಾರಣಕ್ಕೆ ಕೊಂಚ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಮೌನ ಎಲ್ಲಿ ಹುಟ್ಟುತ್ತದೆ ಎಂದು ನೋಡಬೇಕು. ವಿದ್ಯುತ್ ಬಂದ ಕೂಡಲೇ ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟ ಬೂಟ್ ರೋಮ್ ಎಂಬ ಪ್ರೋಗ್ರಾಮು ಓಡುತ್ತದೆ. ಅದು ಎಸ್‌ಪಿಎಲ್ ಎಂಬ ಚಿಕ್ಕ ತುಣುಕನ್ನು ಚಿಪ್ಪಿನ ಒಳಗಿನ ಎಸ್‌ರ‍್ಯಾಮ್‌ಗೆ ತರುತ್ತದೆ. ಎಸ್‌ಪಿಎಲ್ ಹೊರಗಿನ ಡಿಡಿಆರ್ ಮೆಮೊರಿಯನ್ನು ಸಜ್ಜು ಮಾಡಿ ಪೂರ್ಣ ಬೂಟ್‌ಲೋಡರನ್ನು ಅಲ್ಲಿಗೆ ತುಂಬುತ್ತದೆ. ಅದು ಲಿನಕ್ಸಿನ ತಿರುಳಾದ ಕರ್ನಲ್ಲನ್ನು ತುಂಬುತ್ತದೆ, ಕರ್ನಲ್ ತನ್ನ ಫೈಲುಗಳೆಲ್ಲ ಇರುವ ರೂಟ್ ಫೈಲ್ ಸಿಸ್ಟಮ್ಮನ್ನು ಹಚ್ಚುತ್ತದೆ. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಯಲ್ಲಿ, 'ನಾನು ಬದುಕಿದ್ದೇನೆ' ಎಂದು ಸರ್ವರಿಗೆ ಹೇಳುವ ಅಪ್ಲಿಕೇಶನ್ ಏಳುತ್ತದೆ. ಅಂದರೆ ಆರೋಗ್ಯದ ವರದಿ ಕೊಡುವ ಕೆಲಸವನ್ನು ಸಾಲಿನ ಕೊನೆಯವನಿಗೆ ವಹಿಸಿದ್ದೇವೆ. ಮುಂದಿನವರಲ್ಲಿ ಯಾರೇ ಬಿದ್ದರೂ ಅವನು ಏಳುವುದೇ ಇಲ್ಲ. ಆದರೆ ಪೂರ್ಣ ಬೂಟ್‌ಲೋಡರ್ ಎದ್ದಿದ್ದರೆ ಅದರ ಕೈಯಲ್ಲಿ ಆಗಲೇ ಮೆಮೊರಿ ಇರುತ್ತದೆ, ಈಥರ್ನೆಟ್ ಡ್ರೈವರ್ ಇರುತ್ತದೆ, ಕರ್ನಲ್ ಏಕೆ ತೆರೆಯಲಿಲ್ಲ ಎಂಬ ಕಾರಣವೂ ಇರುತ್ತದೆ. ಆ ಕಾರಣವನ್ನು ಅದು ಯಾರೂ ಕೇಬಲ್ ಚುಚ್ಚದ ಸೀರಿಯಲ್ ಪೋರ್ಟಿಗೆ ಬರೆದು ಸುಮ್ಮನಾಗುತ್ತದೆ.

ಉದಾಹರಣೆಗೆ ಯು-ಬೂಟ್ ತೆಗೆದುಕೊಳ್ಳೋಣ. ಲಿನಕ್ಸ್ ಓಡಿಸುವ ಎಂಬೆಡೆಡ್ ಬೋರ್ಡುಗಳಲ್ಲಿ ಇದರ ಬಳಕೆ ವ್ಯಾಪಕ. ಪವರ್‌ಪಿಸಿ ಚಿಪ್ಪುಗಳಿಗಾಗಿ ಪಿಪಿಸಿಬೂಟ್ ಎಂಬ ಹೆಸರಿನಲ್ಲಿ ಬೆಳೆದು, 2002ರಲ್ಲಿ ಯು-ಬೂಟ್ ಎಂದು ಹೆಸರು ಬದಲಿಸಿಕೊಂಡ ಈ ತಂತ್ರಾಂಶವನ್ನು ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಪೋಷಿಸಿದರು. ಅವರು 2022ರಲ್ಲಿ ತೀರಿಕೊಂಡರು. ಜಾಲದ ಮೇಲೆ ಮಾತಾಡಲು ಬೇಕಾದ ಅಂಗಗಳೆಲ್ಲ ಯು-ಬೂಟ್‌ನಲ್ಲಿ ವರ್ಷಗಳಿಂದ ಇವೆ. ಹೆಚ್ಚಿನ ಉತ್ಪನ್ನಗಳಲ್ಲಿ ಅವನ್ನು ಹಚ್ಚದೆ ಬಿಟ್ಟಿರುತ್ತಾರೆ, ಅಷ್ಟೇ.

ಅತಿ ಸುಲಭದ ದಾರಿ ನೆಟ್‌ಕನ್ಸೋಲ್. ಯು-ಬೂಟ್ ಕಟ್ಟುವಾಗ ಕಾನ್ಫಿಗ್_ನೆಟ್‌ಕನ್ಸೋಲ್ ಮತ್ತು ಕಾನ್ಫಿಗ್_ಕನ್ಸೋಲ್_ಮಕ್ಸ್ ಎರಡನ್ನೂ ಹಚ್ಚಿದರೆ, ಸೀರಿಯಲ್ ಪೋರ್ಟಿಗೆ ಹೋಗುವ ಅಕ್ಷರಗಳೇ ಯುಡಿಪಿ (ತಲುಪಿತೋ ಇಲ್ಲವೋ ಎಂದು ಕಾಯದೆ ಕಳುಹಿಸುವ ಬಗೆ) ಪ್ಯಾಕೆಟ್ಟುಗಳಾಗಿ ಜಾಲಕ್ಕೂ ಹೋಗುತ್ತವೆ. ಕೇಳುವ ಯಂತ್ರದ ವಿಳಾಸ 'ಎನ್‌ಸಿಐಪಿ' ಎಂಬ ವೇರಿಯಬಲ್‌ನಲ್ಲಿರಬೇಕು. ಪೋರ್ಟ್ ಹೇಳದಿದ್ದರೆ 6666. ಆ ವೇರಿಯಬಲ್ಲೇ ಇಲ್ಲದಿದ್ದರೆ ಮಾತು ಬ್ರಾಡ್‌ಕಾಸ್ಟ್ ಆಗಿ ಇಡೀ ಜಾಲಕ್ಕೆ ಹೋಗುತ್ತದೆ, 0.0.0.0 ಎಂದು ಇಟ್ಟರೆ ಏನೂ ಹೋಗುವುದಿಲ್ಲ. ಲಿನಕ್ಸ್ ಕರ್ನಲ್ಲಿನ ನೆಟ್‌ಕನ್ಸೋಲ್ ಕೂಡ ಗುರಿಯ ಕಡೆ 6666ನ್ನೇ ಬಳಸುವುದು ಒಂದು ಅನುಕೂಲ. ಒಂದೇ ಕೇಳುಗ ಯಂತ್ರದಲ್ಲಿ ಬೂಟ್‌ಲೋಡರಿನ ಮಾತೂ ಅದರ ಬೆನ್ನಿಗೆ ಕರ್ನಲ್ಲಿನ ಮಾತೂ ಸಾಲಾಗಿ ಸಿಗುತ್ತವೆ.

ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಮಾಡಿ ನೋಡಲು ಒಂದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡು, 5 ವೋಲ್ಟ್ 2 ಆಂಪಿಯರ್ ಅಡಾಪ್ಟರು, ಒಂದು ಮೈಕ್ರೋ ಎಸ್‌ಡಿ ಕಾರ್ಡು, ಲ್ಯಾನ್ ಕೇಬಲ್ಲು, 3.3 ವೋಲ್ಟಿನ ಯುಎಸ್‌ಬಿ ಸೀರಿಯಲ್ ಕೇಬಲ್ಲು, ಲಿನಕ್ಸ್ ಇರುವ ಲ್ಯಾಪ್‌ಟಾಪು ಸಾಕು. ಸೀರಿಯಲ್ ಕೇಬಲ್ 5 ವೋಲ್ಟಿನದ್ದಾದರೆ ಬೋರ್ಡು ಕೆಡಬಹುದು. ಕೊಳ್ಳುವಾಗಲೇ ನೋಡಿಕೊಳ್ಳಿ. ಯು-ಬೂಟ್ ಮೂಲವನ್ನು ಇಳಿಸಿಕೊಂಡು 'ಎಎಂ335ಎಕ್ಸ್_ಇವಿಎಂ' ಡೆಫ್‌ಕಾನ್ಫಿಗ್‌ನಿಂದ ಆರಂಭಿಸಿ, ಮೆನುಕಾನ್ಫಿಗ್‌ನಲ್ಲಿ ಮೇಲಿನ ಎರಡನ್ನು ಹಚ್ಚಿ, ಆರ್ಮ್ ಕ್ರಾಸ್ ಕಂಪೈಲರಿನಿಂದ ಕಟ್ಟಿದರೆ ಎಂಎಲ್‌ಒ ಮತ್ತು ಯು-ಬೂಟ್ ಇಮೇಜ್ ಎಂಬ ಎರಡು ಫೈಲುಗಳು ಹುಟ್ಟುತ್ತವೆ. ಅವನ್ನು ಎಸ್‌ಡಿ ಕಾರ್ಡಿನ ಮೊದಲ ಫ್ಯಾಟ್ ಪಾರ್ಟಿಷನ್ನಿಗೆ ಹಾಕಿ, ಬೋರ್ಡಿನ ಎಸ್2 ಗುಂಡಿ ಒತ್ತಿಹಿಡಿದು ವಿದ್ಯುತ್ ಕೊಟ್ಟರೆ ಕಾರ್ಡಿನಿಂದಲೇ ಎದ್ದೇಳುತ್ತದೆ. ಬೋರ್ಡಿನ ಒಳಮೆಮೊರಿಯಾದ ಇಎಂಎಂಸಿಯಲ್ಲಿರುವ ಮೂಲ ಬೂಟ್‌ಲೋಡರ್ ಹಾಗೇ ಉಳಿಯುವುದರಿಂದ ತಪ್ಪಾದರೂ ಬೋರ್ಡು ಕೆಡುವ ಭಯವಿಲ್ಲ. ಸೀರಿಯಲ್ ವೇಗ 115200.

ಎಣಿಕೆ ಮುಗಿಯುವ ಮುನ್ನ ಸ್ಪೇಸ್ ಕೀಲಿ ಒತ್ತಿ ಪ್ರಾಂಪ್ಟ್ ಹಿಡಿಯಿರಿ. ಸೆಟ್‌ಎನ್ವ್ ಆಜ್ಞೆಯಿಂದ ಬೋರ್ಡಿಗೆ 192.168.10.50, ಸರ್ವರ್‌ಐಪಿಗೆ 192.168.10.1, ನೆಟ್‌ಮಾಸ್ಕಿಗೆ 255.255.255.0 ಕೊಡಿ. ಲ್ಯಾಪ್‌ಟಾಪಿಗೆ 192.168.10.1 ಇಟ್ಟು, ಬೋರ್ಡಿನಿಂದ ಪಿಂಗ್ ಮಾಡಿ. 'ಅಲೈವ್' ಎಂದು ಬಂದ ಮೇಲೆಯೇ ಮುಂದುವರಿಯಿರಿ. ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಪಿಂಗ್ ಮಾಡಿ ಉತ್ತರ ಬರಲಿಲ್ಲ ಎಂದು ಗಾಬರಿಯಾಗುವವರು ಬಹಳ. ಯು-ಬೂಟ್‌ನಲ್ಲಿ ಜಾಲ ಎಚ್ಚರವಿರುವುದು ಜಾಲದ ಆಜ್ಞೆ ಓಡುತ್ತಿರುವಷ್ಟು ಹೊತ್ತು ಮಾತ್ರ. ಖಾಲಿ ಪ್ರಾಂಪ್ಟಿನಲ್ಲಿ ಅದು ಕಿವುಡು. ನಂತರ ಎನ್‌ಸಿಐಪಿಗೆ ಲ್ಯಾಪ್‌ಟಾಪಿನ ವಿಳಾಸ ಕೊಟ್ಟು, ಮಾತು ಹೊರಹೋಗುವ ದಾರಿಯಾದ ಎಸ್‌ಟಿಡಿಔಟ್ ಅನ್ನು 'ಸೀರಿಯಲ್, ಎನ್‌ಸಿ' ಎಂದು ಬದಲಿಸಿ. ಆಜ್ಞೆ ಒಳಬರುವ ದಾರಿಯಾದ ಎಸ್‌ಟಿಡಿಇನ್ ಅನ್ನು ಮಾತ್ರ ಮುಟ್ಟಬೇಡಿ. ಅದನ್ನೂ ಜಾಲಕ್ಕೆ ಕೊಟ್ಟರೆ, ಅದೇ ಜಾಲದಲ್ಲಿರುವ ಯಾರು ಬೇಕಾದರೂ ಪಾಸ್‌ವರ್ಡಿಲ್ಲದೆ ಬೂಟ್‌ಲೋಡರಿನ ಪ್ರಾಂಪ್ಟಿಗೆ ಬಂದು ಫ್ಲ್ಯಾಷ್ ಅಳಿಸಬಹುದು. ಲ್ಯಾಬಿನಲ್ಲಿ ಅನುಕೂಲಕ್ಕೆಂದು ತೆರೆದ ಈ ಬಾಗಿಲು ಮುಚ್ಚದೆ ಹಾಗೆಯೇ ಮಾರುಕಟ್ಟೆಗೆ ಹೋದರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಲ್ಯಾಪ್‌ಟಾಪಿನ ಕಡೆ ನೆಟ್‌ಕ್ಯಾಟ್ ಇಟ್ಟು 6666ರಲ್ಲಿ ಕೇಳಿದರೆ ಸಾಲುಗಳು ಬರುತ್ತವೆ. ಆದರೆ ನೆಟ್‌ಕ್ಯಾಟ್ ಮೊದಲು ಮಾತಾಡಿದ ಬೋರ್ಡಿಗೇ ಅಂಟಿಕೊಂಡು ಎರಡನೆಯದರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಂದಕ್ಕಿಂತ ಹೆಚ್ಚು ಬೋರ್ಡಿದ್ದರೆ ಸೋಕ್ಯಾಟ್ ಅಥವಾ ಆರ್‌ಸಿಸ್‌ಲಾಗ್ ಬಳಸಬೇಕು. ಏನೂ ಕಾಣದಿದ್ದರೆ ಫೈರ್‌ವಾಲ್ ಅನುಮಾನಿಸುವ ಮುನ್ನ ಟಿಸಿಪಿಡಂಪ್ ಹಾಕಿ ನೋಡಿ. ಪ್ಯಾಕೆಟ್ ತಂತಿಯ ಮೇಲೆ ಬಂದು ಲ್ಯಾಪ್‌ಟಾಪು ತಡೆಯುತ್ತಿದೆಯೋ, ಬಂದೇ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಇಷ್ಟು ಹೇಳಿದ ಮೇಲೂ, ನೆಟ್‌ಕನ್ಸೋಲನ್ನು ಊರಿಗೆ ಕಳುಹಿಸುವ ಪೆಟ್ಟಿಗೆಯಲ್ಲಿ ಬಿಡಬೇಡಿ ಎಂದೇ ನಮ್ಮ ಸಲಹೆ. ಅದು ಇಡೀ ವಟವಟವನ್ನು ಚೂರುಚೂರು ಪ್ಯಾಕೆಟ್ಟುಗಳಲ್ಲಿ ಕಳುಹಿಸುತ್ತದೆ, ಕೇಳುಗ ಯಂತ್ರ ಜಾಲದಲ್ಲಿಲ್ಲದಾಗ ಬೂಟನ್ನೇ ನಿಧಾನ ಮಾಡುತ್ತದೆ. ಅದು ಲ್ಯಾಬಿನ ಸಾಧನ. ಹೊರಗಿನ ಪೆಟ್ಟಿಗೆಗೆ ಬೇಕಾದದ್ದು ಬೇರೆ: ಸೋತಾಗ ಮಾತ್ರ, ಒಂದೇ ಸಾಲು, ಒಮ್ಮುಖ.

ಸೋಲನ್ನು ಗುರುತಿಸುವ ಸರಳ ಉಪಾಯ, ಎದ್ದಾಗ ತಾನಾಗಿ ಓಡುವ ಆಜ್ಞೆಗಳ ಸಾಲಾದ ಬೂಟ್‌ಸಿಎಂಡಿಯಲ್ಲೇ ಇದೆ. ಕರ್ನಲ್ಲಿಗೆ ಹಾರುವ ಬೂಟ್‌ಎಂ ಆಜ್ಞೆ ಗೆದ್ದರೆ ಹಿಂದಿರುಗಿ ಬರುವುದೇ ಇಲ್ಲ. ಹಾಗಾಗಿ ಬೂಟ್‌ಸಿಎಂಡಿಯಲ್ಲಿ ಅದರ ನಂತರ ಏನು ಬರೆದರೂ ಅದು ಸೋತಾಗ ಮಾತ್ರ ಓಡುತ್ತದೆ. 'ಮಾಮೂಲಿ ಬೂಟ್, ವರದಿ, ಪಾರುಗಾಣಿಸುವ ಬೂಟ್' ಎಂಬ ಮೂರು ಹೆಜ್ಜೆಯ ಸಾಲು ಬರೆದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕಷ್ಟದ್ದು. ಕರ್ನಲ್ ಬಿಚ್ಚುವಾಗ ಹಳೆಯ ಇಮೇಜಿನ ಮೇಲೇ ಬರೆದುಬಿಟ್ಟರೆ ಬೂಟ್‌ಎಂ ಹಿಂದಿರುಗದೆ ಬೋರ್ಡನ್ನು ರೀಸೆಟ್ ಮಾಡುತ್ತದೆ. ಕರ್ನಲ್ ಎದ್ದ ಮೇಲೆ ರೂಟ್ ಫೈಲ್ ಸಿಸ್ಟಮ್ ಸಿಗದೆ ಪ್ಯಾನಿಕ್ ಆದರಂತೂ (ಮುಂದೆ ಹೋಗಲಾಗದೆ ಕೈಚೆಲ್ಲಿದರೆ) ಬೂಟ್‌ಲೋಡರಿಗೆ ಸುದ್ದಿಯೇ ಇಲ್ಲ. ಇವೆರಡಕ್ಕೂ ಬೂಟ್‌ಕೌಂಟ್ ಬೇಕು. ಪ್ರತಿ ಸಲ ಎದ್ದಾಗ ಯು-ಬೂಟ್ ಈ ಎಣಿಕೆಯನ್ನು 1 ಹೆಚ್ಚಿಸುತ್ತದೆ. ಲಿನಕ್ಸ್ ಪೂರ್ತಿ ಎದ್ದು ಅಪ್ಲಿಕೇಶನ್ ಸರಿಯಾಗಿ ಓಡಿದ ಮೇಲೆ ಅದನ್ನು 0ಕ್ಕೆ ತರಬೇಕು. ಎಣಿಕೆ ಬೂಟ್‌ಲಿಮಿಟ್ ಎಂಬ ಮಿತಿಯನ್ನು ದಾಟಿದರೆ ಮಾಮೂಲಿ ಬೂಟ್‌ಸಿಎಂಡಿಯ ಬದಲು ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ. ವರದಿಯನ್ನು ಅಲ್ಲಿಯೂ ಇಡಿ. ಮಿತಿ 3 ಇದ್ದರೆ ಸಾಕು. ಕರ್ನಲ್ಲಿಗೆ 'ಪ್ಯಾನಿಕ್=10' (10 ಸೆಕೆಂಡಿಗೆ ತಾನೇ ರೀಸೆಟ್ ಆಗು) ಎಂದು ಕೊಡಲು ಮರೆಯಬೇಡಿ. ಮರೆತರೆ ಪ್ಯಾನಿಕ್ ಆದ ಬೋರ್ಡು ಅಲ್ಲೇ ಕಲ್ಲಾಗಿ ನಿಲ್ಲುತ್ತದೆ, ಸ್ತಬ್ಧವಾದ ಬೋರ್ಡನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಇಲ್ಲದಿದ್ದರೆ ಮತ್ತೆ ಬೂಟ್‌ಲೋಡರಿಗೆ ಬರುವುದೇ ಇಲ್ಲ.

ಎಣಿಕೆಯನ್ನು ಎಲ್ಲಿ ಬರೆದಿಡುವುದು ಎಂಬುದೂ ಮುಖ್ಯ. ಬೀಗಲ್‌ಬೋನಿನ ಚಿಪ್ಪಿನಲ್ಲಿ ಗಡಿಯಾರದ ಭಾಗವಾದ ಆರ್‌ಟಿಸಿಯ ಸ್ಕ್ರ್ಯಾಚ್ ರಿಜಿಸ್ಟರಿನಲ್ಲಿ ಇಡಬಹುದು. ರೀಸೆಟ್ ಆದರೂ ಉಳಿಯುತ್ತದೆ, ಆರ್‌ಟಿಸಿಗೆ ಬ್ಯಾಟರಿ ಇಲ್ಲದಿದ್ದರೆ ವಿದ್ಯುತ್ ಹೋದಾಗ ಅಳಿಯುತ್ತದೆ. ವೇರಿಯಬಲ್‌ಗಳನ್ನು ಉಳಿಸಿಡುವ ಫ್ಲ್ಯಾಷ್‌ನ ಎನ್ವಿರಾನ್‌ಮೆಂಟಿನಲ್ಲಿ ಇಟ್ಟರೆ ಯಾವಾಗಲೂ ಉಳಿಯುತ್ತದೆ, ಆದರೆ ಪ್ರತಿ ಬೂಟಿಗೆ ಫ್ಲ್ಯಾಷ್ ಬರೆದು ಸವೆಯುತ್ತದೆ. ಅದಕ್ಕೇ ಎನ್ವಿರಾನ್‌ಮೆಂಟಿನ ವಿಧಾನದಲ್ಲಿ 'ಅಪ್‌ಗ್ರೇಡ್_ಅವೈಲಬಲ್' ವೇರಿಯಬಲ್ 1 ಇದ್ದಾಗ ಮಾತ್ರ ಎಣಿಕೆ ನಡೆಯುವಂತೆ ಮಾಡಿದ್ದಾರೆ. ಬರೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ ಎನ್ವಿರಾನ್‌ಮೆಂಟೇ ಕೆಡುತ್ತದೆ. ಆಗ 'ಬ್ಯಾಡ್ ಸಿಆರ್‌ಸಿ' ಎಂದು ಹೇಳಿ ಯು-ಬೂಟ್ ತನ್ನ ಹುಟ್ಟು ಮೌಲ್ಯಗಳಿಗೆ ಮರಳುತ್ತದೆ. ನೀವು ಕೊಟ್ಟ ಐಪಿ ವಿಳಾಸ, ಮ್ಯಾಕ್ ವಿಳಾಸ, ಸರ್ವರ್ ವಿಳಾಸ ಎಲ್ಲವೂ ಹೋಯಿತು! ಬಾಯಿ ಬೇಕಾದ ಗಳಿಗೆಯಲ್ಲೇ ಬಾಯಿ ಬಿದ್ದುಹೋಗುವ ಬಗೆ ಇದು. ಪರಿಹಾರ ಮೂರು, ಮೂರನ್ನೂ ಮಾಡಿ. ಎನ್ವಿರಾನ್‌ಮೆಂಟಿನ ಎರಡು ಪ್ರತಿ ಇಡಿ. ಸರ್ವರ್ ವಿಳಾಸ ಮತ್ತು ವರದಿಯ ಆಜ್ಞೆಗಳನ್ನು ಹುಟ್ಟು ಮೌಲ್ಯಗಳ ಪಟ್ಟಿಯೊಳಗೇ ಕಂಪೈಲ್ ಮಾಡಿ. ಮ್ಯಾಕ್ ವಿಳಾಸವನ್ನು ಚಿಪ್ಪಿನ ಫ್ಯೂಸ್ ಅಥವಾ ಬೋರ್ಡಿನ ಇಇಪ್ರಾಮ್‌ನಿಂದ ಓದಿ. ಮ್ಯಾಕ್ ಸಿಗದಾಗ ಪ್ರತಿ ಸಲ ಬೇರೊಂದು ಯಾದೃಚ್ಛಿಕ ವಿಳಾಸ ಹುಟ್ಟಿಸುವ ಆಯ್ಕೆಯನ್ನು ಹಚ್ಚಿಟ್ಟರೆ, ರೀಸೆಟ್ ಚಕ್ರಕ್ಕೆ ಸಿಕ್ಕ ಒಂದೇ ಬೋರ್ಡು ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನ ವಿಳಾಸಗಳನ್ನೆಲ್ಲ ಒಂದೊಂದಾಗಿ ನುಂಗಿಹಾಕುತ್ತದೆ.

ಇನ್ನು ಕಳುಹಿಸುವ ಬಗೆ. ಯು-ಬೂಟ್‌ನಲ್ಲಿ 'ಈ ಪಠ್ಯವನ್ನು ಯುಡಿಪಿಯಲ್ಲಿ ಕಳುಹಿಸು' ಎನ್ನುವ ಸಿದ್ಧ ಆಜ್ಞೆ ಇರುವುದಿಲ್ಲ. ಆದರೆ ಒಂದು ಸಾಲು ಸಿ ಕೋಡ್ ಬರೆಯದೆ ಕೆಲಸ ಸಾಧಿಸುವ ಉಪಾಯವಿದೆ. ಇಲ್ಲದ ಫೈಲೊಂದನ್ನು ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯ ಬಗೆಯಲ್ಲಿ ಕೇಳುವುದು. ಫೈಲಿನ ಹೆಸರೇ ಸಂದೇಶ. 'ಸ್ಟೇಟಸ್', ಓರೆಗೆರೆ, ಬೋರ್ಡಿನ ಸೀರಿಯಲ್ ಸಂಖ್ಯೆ, ಓರೆಗೆರೆ, ಬೂಟ್‌ಕೌಂಟ್, ಹೀಗೆ ವೇರಿಯಬಲ್‌ಗಳನ್ನು ಜೋಡಿಸಿ ಹೆಸರು ಕಟ್ಟಿ. 69ನೇ ಪೋರ್ಟಿಗೆ ಕೋರಿಕೆ ಹೋಗುತ್ತದೆ, ಸರ್ವರಿನಲ್ಲಿ ಟಿಎಫ್‌ಟಿಪಿಡಿಯನ್ನು ವರ್ಬೋಸ್ ಆಯ್ಕೆಯೊಂದಿಗೆ ಓಡಿಸಿದ್ದರೆ ಕೇಳಿದ ಹೆಸರು, ಕೇಳಿದವರ ವಿಳಾಸ, ಸಮಯ ಮೂರೂ ಲಾಗ್‌ನಲ್ಲಿ ದಾಖಲಾಗುತ್ತವೆ. ಸರ್ವರ್ 'ಫೈಲ್ ಇಲ್ಲ' ಎಂದು ಉತ್ತರಿಸಿದೊಡನೆ ಯು-ಬೂಟ್ ಮತ್ತೆ ಪ್ರಯತ್ನಿಸದೆ ಮುಂದಿನ ಆಜ್ಞೆಗೆ ಹೋಗುತ್ತದೆ. ಆ ಉತ್ತರವೇ ಸಂದೇಶ ತಲುಪಿತೆಂಬ ರಸೀದಿ. ಬರಿಯ ಯುಡಿಪಿಯಲ್ಲಿ ಈ ರಸೀದಿ ಸಿಗದು. ಹಳೆಯ ಯು-ಬೂಟ್ ಇರುವ, ಮತ್ತೆ ಕಂಪೈಲ್ ಮಾಡಲಾಗದ ಬೋರ್ಡುಗಳಲ್ಲೂ ಇದು ನಡೆಯುವುದರಿಂದ ಮೊದಲು ಇದನ್ನೇ ಮಾಡಿ ನೋಡಿ ಎನ್ನುತ್ತೇವೆ.

ಸಮಯದ ಮಿತಿಗಳನ್ನು ಮಾತ್ರ ಕಡ್ಡಾಯವಾಗಿ ಬಿಗಿ ಮಾಡಬೇಕು. ಟಿಎಫ್‌ಟಿಪಿಯ ಹುಟ್ಟು ಕಾಯುವಿಕೆ 5 ಸೆಕೆಂಡು, 10 ಸಲ. ಸರ್ವರ್ ಸತ್ತಿದ್ದರೆ 50 ಸೆಕೆಂಡು ವ್ಯರ್ಥ. ಟಿಎಫ್‌ಟಿಪಿಟೈಮ್‌ಔಟ್ 1000 ಮಿಲಿಸೆಕೆಂಡಿಗೆ ಇಳಿಯುತ್ತದೆ, ಅದಕ್ಕಿಂತ ಕೆಳಗಿಲ್ಲ. ಟಿಎಫ್‌ಟಿಪಿಟೈಮ್‌ಔಟ್‌ಕೌಂಟ್‌ಮ್ಯಾಕ್ಸ್ 2 ಇಡಿ. ಅದಕ್ಕೂ ಮೊದಲು ಎಆರ್‌ಪಿ ಇದೆ. ಸರ್ವರಿನ ಅಥವಾ ಗೇಟ್‌ವೇಯ ಮ್ಯಾಕ್ ವಿಳಾಸ ಕೇಳಿ ಉತ್ತರ ಬರದಿದ್ದರೆ 5 ಸೆಕೆಂಡಿನಂತೆ 5 ಸಲ, ಅಂದರೆ 25 ಸೆಕೆಂಡು ಕಾಯುತ್ತದೆ. ನಂತರ 'ಮತ್ತೆ ಶುರು' ಎಂದು ಮೊದಲಿನಿಂದ ಆರಂಭಿಸಬಹುದು. ಇದನ್ನು ತಡೆಯಲು ನೆಟ್‌ರಿಟ್ರೈ ವೇರಿಯಬಲ್ 'ನೋ' ಆಗಿರಬೇಕು. ಇದೊಂದನ್ನು ಬಿಟ್ಟರೆ, ವರದಿ ಕಳುಹಿಸಲು ಹೋದ ಪೆಟ್ಟಿಗೆ ಕೇಬಲ್ ಇಲ್ಲದ ಒಂದೇ ಕಾರಣಕ್ಕೆ ಪಾರುಗಾಣುವ ಬೂಟಿಗೂ ಹೋಗದೆ ನಿಲ್ಲುತ್ತದೆ. ರೋಗಕ್ಕಿಂತ ಮದ್ದೇ ಕೆಟ್ಟದ್ದಾಯಿತು. ಡಿಎಚ್‌ಸಿಪಿ ಬಳಸುವವರು ಆಟೋಲೋಡ್ ವೇರಿಯಬಲ್ಲನ್ನೂ 'ನೋ' ಮಾಡಬೇಕು. ಇಲ್ಲದಿದ್ದರೆ ವಿಳಾಸ ಸಿಕ್ಕಿದ ಕೂಡಲೇ ಯು-ಬೂಟ್ ತಾನಾಗಿಯೇ ಯಾವುದೋ ಬೂಟ್ ಫೈಲನ್ನು ಇಳಿಸಲು ಹೊರಡುತ್ತದೆ.

ಒಂದು ತೊಡಕಿಗೆ ಎಷ್ಟು ಎಚ್ಚರ ಹೇಳಿದರೂ ಸಾಲದು. ಬೋರ್ಡಿನಲ್ಲಿ ಎಲ್ಲವೂ ಸರಿ, 'ಕಳುಹಿಸಿದೆ' ಎನ್ನುತ್ತದೆ, ಸರ್ವರಿಗೆ ಏನೂ ಬಂದಿಲ್ಲ. ತಪ್ಪು ನಡುವಿನ ಸ್ವಿಚ್ಚಿನದ್ದು. ಪ್ಯಾಕೆಟ್ಟುಗಳು ಸುತ್ತುತ್ತಲೇ ಇರದಂತೆ ತಡೆಯುವ ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ ಹಚ್ಚಿದ ಸ್ವಿಚ್ಚು, ಪೋರ್ಟಿನಲ್ಲಿ ಹೊಸ ಲಿಂಕ್ ಕಂಡಾಗ 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಆಮೇಲೆ ಮಾತ್ರ ಪ್ಯಾಕೆಟ್ಟುಗಳನ್ನು ಮುಂದಕ್ಕೆ ಬಿಡುತ್ತದೆ. ಬೂಟ್‌ಲೋಡರ್ ಲಿಂಕ್ ಬಂದ 1 ಸೆಕೆಂಡಿಗೇ ಮಾತಾಡಿರುತ್ತದೆ. ಆ ಪೋರ್ಟನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿದರೆ ಈ 30 ಸೆಕೆಂಡು ಇರುವುದಿಲ್ಲ. ಸ್ವಿಚ್ಚು ನಿಮ್ಮ ಕೈಯಲ್ಲಿಲ್ಲದಿದ್ದರೆ ಒಂದೇ ಸಂದೇಶವನ್ನು 0, 15, 35ನೇ ಸೆಕೆಂಡುಗಳಲ್ಲಿ ಮೂರು ಸಲ ಕಳುಹಿಸಿ, ಆದರೆ ಎರಡು ಕಳುಹಿಕೆಗಳ ನಡುವೆ ಲಿಂಕ್ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಸ್ವಿಚ್ಚು ಮತ್ತೆ ಮೊದಲಿನಿಂದ ಎಣಿಸುತ್ತದೆ. ಕೆಲವು ಡ್ರೈವರುಗಳು ಪ್ರತಿ ಆಜ್ಞೆಯ ಕೊನೆಗೆ ತಂತಿಯ ಸಂಕೇತ ನೋಡಿಕೊಳ್ಳುವ ಪಿಎಚ್‌ವೈ ಚಿಪ್ಪನ್ನು ರೀಸೆಟ್ ಮಾಡುವುದುಂಟು. ಲಿಂಕ್ ದೀಪ ನೋಡುತ್ತಾ ಕುಳಿತರೆ ಇದು ಕಣ್ಣಿಗೇ ಕಾಣುತ್ತದೆ.

ಸಿ ಕೋಡ್ ಬರೆಯಬಲ್ಲವರಿಗೆ ಯಂತ್ರಗಳು ತಮ್ಮ ಲಾಗ್ ಕಳುಹಿಸಲು ಬಳಸುವ ಸಿಸ್‌ಲಾಗ್ ಬಗೆಯ ಸಂದೇಶ ಒಳ್ಳೆಯದು. ಕಚೇರಿಗಳಲ್ಲಿ ಅದನ್ನು ಕೇಳುವ ಸರ್ವರು ಈಗಾಗಲೇ ಇರುತ್ತದೆ. ಯುಡಿಪಿ 514ನೇ ಪೋರ್ಟು. ಸಾಲಿನ ಆರಂಭದಲ್ಲಿ ಕೋನಾವರಣದೊಳಗೆ ಆದ್ಯತೆಯ ಸಂಖ್ಯೆ. ವಿಭಾಗದ ಸಂಖ್ಯೆಯನ್ನು 8ರಿಂದ ಗುಣಿಸಿ ತೀವ್ರತೆ ಕೂಡಿಸಬೇಕು. ಲೋಕಲ್0 ಅಂದರೆ 16, ದೋಷ ಅಂದರೆ 3, ಒಟ್ಟು 131. ಬರಿಯ ಮಾಹಿತಿಯಾದರೆ 134. ಬೂಟ್‌ಲೋಡರಿಗೆ ನಂಬುವಂಥ ಗಡಿಯಾರ ಇರುವುದಿಲ್ಲವಲ್ಲ, ಸಮಯದ ಜಾಗದಲ್ಲಿ ಏನು ಹಾಕುವುದು? 2009ರ ಆರ್‌ಎಫ್‌ಸಿ 5424 ಎಂಬ ಸಿಸ್‌ಲಾಗ್ ಮಾನದಂಡ ಅಲ್ಲಿ ಒಂದು ಅಡ್ಡಗೆರೆ ಹಾಕಲು ಅವಕಾಶ ಕೊಟ್ಟಿದೆ. 1970ರ ಜನವರಿ 1 ಎಂಬ ಸುಳ್ಳು ತಾರೀಖು ಹಾಕುವುದಕ್ಕಿಂತ ಅಡ್ಡಗೆರೆ ಎಷ್ಟೋ ಮೇಲು, ಸರ್ವರು ತನ್ನ ಸಮಯ ಬರೆದುಕೊಳ್ಳುತ್ತದೆ. ಯು-ಬೂಟ್‌ನ ಲಾಗ್ ವ್ಯವಸ್ಥೆಯಲ್ಲೇ ಸಿಸ್‌ಲಾಗ್ ಆಯ್ಕೆಯೊಂದಿದೆ, ಆದರೆ ಅದು ಬ್ರಾಡ್‌ಕಾಸ್ಟ್ ಮಾಡುತ್ತದೆ, ಬ್ರಾಡ್‌ಕಾಸ್ಟ್ ರೂಟರನ್ನು ದಾಟುವುದಿಲ್ಲ. ಒಂದೇ ಕಟ್ಟಡದೊಳಗೆ ಸರಿ, ತಾಲ್ಲೂಕಿಗೆ ಸಾಲದು. ದೂರದ ಸರ್ವರಿಗೆ ನೆಟ್_ಸೆಂಡ್_ಯುಡಿಪಿ_ಪ್ಯಾಕೆಟ್ ಎಂಬ ಫಂಕ್ಷನ್ ಕರೆಯಬೇಕು. ಈಥರ್ನೆಟ್ 14, ಐಪಿ 20, ಯುಡಿಪಿ 8, ಒಟ್ಟು 42 ಬೈಟ್ ಬಿಟ್ಟು ನಿಮ್ಮ ಪಠ್ಯ ಶುರುವಾಗಬೇಕು. ವಿಎಲ್‌ಎಎನ್ ಇದ್ದರೆ 46. ಈ ಲೆಕ್ಕ ತಪ್ಪಿದರೆ ಸಂದೇಶದ ಮೊದಲ ನಾಲ್ಕು ಅಕ್ಷರ ಮಾಯವಾಗಿ ಬರುತ್ತದೆ.

ಸಂದೇಶದಲ್ಲಿ ಏನಿರಬೇಕು? ಸೀರಿಯಲ್ ಸಂಖ್ಯೆ, ಬೂಟ್‌ಲೋಡರಿನ ಆವೃತ್ತಿ, ಬೂಟ್‌ಕೌಂಟ್, ರೀಸೆಟ್ ಆದ ಕಾರಣ, ಸೋತ ಹಂತದ ಸಂಖ್ಯೆ. 100 ಅಕ್ಷರದೊಳಗೆ ಮುಗಿಯುತ್ತದೆ. ಇವುಗಳಲ್ಲಿ ರೀಸೆಟ್ ಕಾರಣ ಚಿನ್ನದಂಥದ್ದು. ಬೀಗಲ್‌ಬೋನಿನ ಚಿಪ್ಪಿನಲ್ಲಿ 0x44E00F08 ವಿಳಾಸದ ರಿಜಿಸ್ಟರ್ ಓದಿದರೆ 0ನೇ ಬಿಟ್ ವಿದ್ಯುತ್ ಹೊಸದಾಗಿ ಬಂತೆಂದೂ, 1ನೇ ಬಿಟ್ ತಂತ್ರಾಂಶವೇ ರೀಸೆಟ್ ಕೇಳಿತೆಂದೂ, 4ನೇ ಬಿಟ್ ವಾಚ್‌ಡಾಗ್ ಕಚ್ಚಿತೆಂದೂ ಹೇಳುತ್ತದೆ. ಓದಿದ ಮೇಲೆ ಅದೇ ಬಿಟ್‌ಗೆ 1 ಬರೆದು ಅಳಿಸಬೇಕು, ಇಲ್ಲವಾದರೆ ಮುಂದಿನ ಸಲ ಹಳೆಯ ಕಾರಣವೂ ಸೇರಿ ಗೊಂದಲವಾಗುತ್ತದೆ. ದಿನಕ್ಕೆ 20 ಸಲ 'ವಿದ್ಯುತ್ ಹೊಸದಾಗಿ ಬಂತು' ಎನ್ನುವ ಪೆಟ್ಟಿಗೆಗೆ ಬೇಕಾದದ್ದು ಲೈನ್‌ಮನ್ ಅಥವಾ ಹೊಸ ಅಡಾಪ್ಟರು. 'ವಾಚ್‌ಡಾಗ್' ಎನ್ನುವುದಕ್ಕೆ ಬೇಕಾದದ್ದು ಪ್ರೋಗ್ರಾಮರು. ಯಾರನ್ನು ಕಳುಹಿಸಬೇಕೆಂಬುದು ಒಂದು ಬಿಟ್‌ನಲ್ಲಿ ತೀರ್ಮಾನವಾಗುತ್ತದೆ.

ಸೋತ ಹಂತ ತಿಳಿಯಲು ಯು-ಬೂಟ್‌ನಲ್ಲಿ ಷೋ_ಬೂಟ್_ಪ್ರೋಗ್ರೆಸ್ ಎಂಬ ಫಂಕ್ಷನ್ ಇದೆ. ಬೂಟ್‌ನ ಪ್ರತಿ ಹೆಜ್ಜೆಯಲ್ಲೂ ಒಂದು ಸಂಖ್ಯೆಯೊಂದಿಗೆ ಅದನ್ನು ಕರೆಯುತ್ತಾರೆ. ನಾವು ನಮ್ಮದೇ ಕೋಡಿನಿಂದ ಅದನ್ನು ಬದಲಿಸಬಹುದು. ಹಳೆಯ ಬಗೆಯ ಯು-ಇಮೇಜ್‌ಗೆ ಸಂಬಂಧಿಸಿ −1 ಅಂದರೆ ಇಮೇಜಿನ ಗುರುತು ತಪ್ಪಿದೆ, −2 ಅಂದರೆ ಹೆಡರಿನ ಚೆಕ್‌ಸಮ್ ತಪ್ಪಿದೆ, −3 ಅಂದರೆ ದತ್ತಾಂಶದ ಚೆಕ್‌ಸಮ್ ತಪ್ಪಿದೆ, 15 ಅಂದರೆ ಎಲ್ಲ ಸಿದ್ಧವಾಗಿ ಕರ್ನಲ್ಲಿಗೆ ಕೈದಾಟಿಸಲಾಗುತ್ತಿದೆ. −1 ಬಂದರೆ ಪಾರ್ಟಿಷನ್ ಖಾಲಿ ಅಥವಾ ತಪ್ಪು ಜಾಗ. −3 ಬಂದರೆ ಅರ್ಧ ಬರೆದ ಅಪ್‌ಡೇಟ್ ಅಥವಾ ಸಾಯುತ್ತಿರುವ ಫ್ಲ್ಯಾಷ್. ಇಲ್ಲಿ ಎಡವುವ ಜಾಗವೊಂದಿದೆ. ಜಾಲದ ಆಜ್ಞೆಗಳೂ ಇದೇ ಫಂಕ್ಷನ್ನನ್ನು 64, 80, 81 ಮುಂತಾದ ಸಂಖ್ಯೆಗಳಿಂದ ಕರೆಯುತ್ತವೆ. ಹಾಗಾಗಿ ಇದರೊಳಗಿಂದಲೇ ಪ್ಯಾಕೆಟ್ ಕಳುಹಿಸಲು ಹೋದರೆ ಕಳುಹಿಸುವಿಕೆಯೇ ಮತ್ತೆ ಇದನ್ನು ಕರೆದು, ತನ್ನ ಬಾಲ ತಾನೇ ನುಂಗುವ ಹಾವಿನಂತೆ ಸ್ಟ್ಯಾಕ್ ತುಂಬುವ ತನಕ ಸುತ್ತುತ್ತದೆ. ಒಳಗೆ ಋಣ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಕಳುಹಿಸುವುದನ್ನು ಬೂಟ್‌ಸಿಎಂಡಿಯ ವರದಿ ಹೆಜ್ಜೆಗೆ ಬಿಡಿ.

ತಮ್ಮದೇ ಡ್ರೈವರ್ ಬರೆಯುವವರಿಗೆ ಇನ್ನೆರಡು ಮಾತು. ಪ್ಯಾಕೆಟ್ಟಿನ ಬಫರನ್ನು ಡಿಎಂಎಗೆ (ಪ್ರೊಸೆಸರಿನ ನೆರವಿಲ್ಲದೆ ಮೆಮೊರಿಯನ್ನು ನೇರ ಓದಿ ಬರೆಯುವ ಭಾಗ) ಕೊಡುವ ಮುನ್ನ ಕ್ಯಾಶೆಯಿಂದ ಮೆಮೊರಿಗೆ ಹರಿಸದಿದ್ದರೆ ತಂತಿಯ ಮೇಲೆ ಹಿಂದಿನ ಸಂದೇಶದ ಕಸ ಹೋಗುತ್ತದೆ. ಮತ್ತು ಕರ್ನಲ್ಲಿಗೆ ಹಾರುವ ಮೊದಲು ಈಥರ್ನೆಟ್ಟನ್ನು ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಜಾಲದಿಂದ ಬರುವ ಪ್ರತಿ ಪ್ಯಾಕೆಟ್ಟನ್ನೂ ಡಿಎಂಎ ಹಳೆಯ ಬಫರಿನ ಜಾಗಕ್ಕೆ ಬರೆಯುತ್ತಲೇ ಇರುತ್ತದೆ, ಆ ಜಾಗದಲ್ಲಿ ಈಗ ಕರ್ನಲ್ಲಿನ ದತ್ತಾಂಶ ಕುಳಿತಿರುತ್ತದೆ. ಲ್ಯಾಬಿನ ಶಾಂತ ಜಾಲದಲ್ಲಿ ಏನೂ ಆಗದೆ, ಗಿಜಿಗುಡುವ ಜಾಲದಲ್ಲಿ ಮಾತ್ರ ಎಲ್ಲೆಲ್ಲೋ ಕ್ರ್ಯಾಶ್ ಆಗುವ ಪೆಟ್ಟಿಗೆಗಳಲ್ಲಿ ಮೊದಲು ಇದನ್ನೇ ಹುಡುಕಬೇಕು.

ಚೆನ್ನಾಗಿ ಎದ್ದ ಪೆಟ್ಟಿಗೆ ಬೂಟ್‌ಲೋಡರಿನಿಂದ ಮಾತಾಡುವುದು ಬೇಡ ಎಂದೇ ನಮ್ಮ ಅಭಿಪ್ರಾಯ. ಲಿಂಕ್ ಮಾತುಕತೆಗೇ 2-3 ಸೆಕೆಂಡು ಹೋಗುತ್ತದೆ. ಎಣಿಕೆ ಮತ್ತು ರೀಸೆಟ್ ಕಾರಣವನ್ನು ಸೂಚನೆಗಳ ಸಾಲಾದ ಬೂಟ್‌ಆರ್ಗ್ಸ್‌ಗೆ ಸೇರಿಸಿ ಕರ್ನಲ್ಲಿಗೆ ದಾಟಿಸಿದರೆ, ಲಿನಕ್ಸ್ ಎದ್ದ ಮೇಲೆ ಅಪ್ಲಿಕೇಶನ್ನೇ ಅದನ್ನು ಓದಿ ಗೂಢಲಿಪಿಯ ಸುರಕ್ಷಿತ ದಾರಿಯಲ್ಲಿ ಕಳುಹಿಸುತ್ತದೆ. ಸೋತಾಗಿನ ಸಂದೇಶಕ್ಕೂ ಒಂದು ಸಂಯಮ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಒಂದು ಫೀಡರಿನ ಪೆಟ್ಟಿಗೆಗಳೆಲ್ಲ ಒಂದೇ ಕ್ಷಣಕ್ಕೆ ಏಳುತ್ತವೆ. ಮ್ಯಾಕ್ ವಿಳಾಸದ ಕೊನೆಯ ಬೈಟನ್ನು 20 ಮಿಲಿಸೆಕೆಂಡಿನಿಂದ ಗುಣಿಸಿ ಅಷ್ಟು ಹೊತ್ತು ತಡೆದು ಕಳುಹಿಸಿದರೆ ಗದ್ದಲ 5 ಸೆಕೆಂಡಿಗೆ ಹರಡಿಕೊಳ್ಳುತ್ತದೆ. ಇಂಥ ಸಂದೇಶವನ್ನು ಯಾರು ಬೇಕಾದರೂ ನಕಲು ಮಾಡಿ ಕಳುಹಿಸಬಹುದಾದ್ದರಿಂದ, ಸರ್ವರು ಇದನ್ನು ನಂಬಿ ತಾನಾಗಿ ಏನನ್ನೂ ಮಾಡಬಾರದು. ಮನುಷ್ಯರಿಗೆ ತೋರಿಸಬೇಕು, ಅಷ್ಟೇ.

ತಂತಿಯಿಲ್ಲದ ಕಡೆ ಕಷ್ಟ ಹೆಚ್ಚು. ಬೂಟ್‌ಲೋಡರಿನಿಂದ ವೈಫೈ ನಡೆಸುವ ಆಸೆ ಬಿಡುವುದೇ ಒಳ್ಳೆಯದು. ಮೋಡೆಮ್ ಇದ್ದರೆ ಅದರ ಸೀರಿಯಲ್ ಕಾಲಿಗೆ ಎಟಿ ಆಜ್ಞೆ ಬರೆದು ಎಸ್ಸೆಮ್ಮೆಸ್ ಕಳುಹಿಸಬಹುದು. ಜಾಲಕ್ಕೆ ಸೇರಿದೆಯೇ ಎಂದು ಸಿಆರ್‌ಇಜಿಯಿಂದ ಕೇಳಿ 0,1 ಅಥವಾ 0,5 ಬರುವ ತನಕ ಕಾದು, ಪಠ್ಯದ ಬಗೆಗಾಗಿ ಸಿಎಂಜಿಎಫ್ 1 ಮಾಡಿ, ಸಿಎಂಜಿಎಸ್‌ನಿಂದ ಪಠ್ಯ ಕೊಟ್ಟು ಕೊನೆಗೆ 0x1A ಕಳುಹಿಸಬೇಕು. ಇಂಗ್ಲಿಷ್ ಅಕ್ಷರಗಳಾದರೆ 160ಕ್ಕೆ ಜಾಗ, ಕನ್ನಡದಲ್ಲಿ ಬರೆದರೆ 70ಕ್ಕೆ. ಸಿಮ್ ಕೊಳ್ಳುವಾಗಲೇ ಎಸ್ಸೆಮ್ಮೆಸ್ ಸೌಲಭ್ಯ ಇದೆಯೇ ಎಂದು ಕೇಳಿ. 2ಜಿಯಲ್ಲಿ ಮೋಡೆಮ್ ಪ್ರಸಾರದ ಗಳಿಗೆಯಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಸೌರ ಬ್ಯಾಟರಿ ಇಳಿದಿದ್ದರೆ ವೋಲ್ಟೇಜ್ ಕುಸಿದು, 'ನನಗೆ ಹುಷಾರಿಲ್ಲ' ಎಂದು ಹೇಳಲು ಹೋಗಿಯೇ ಬೋರ್ಡು ಮತ್ತೆ ರೀಸೆಟ್ ಆಗುತ್ತದೆ. ಮೊದಲು ಬ್ಯಾಟರಿ ವೋಲ್ಟೇಜ್ ಓದಿ, ಕಡಿಮೆಯಿದ್ದರೆ ಬಾಯಿ ಮುಚ್ಚಿಕೊಂಡು ಎಲ್‌ಇಡಿ ಮಿನುಗಿಸಲಿ. ಪಿಎಚ್‌ವೈ ಚಿಪ್ಪೇ ಸಿಗದಾಗಲೂ, ಡಿಡಿಆರ್ ಏಳದೆ ಎಸ್‌ಪಿಎಲ್‌ನಲ್ಲೇ ನಿಂತಾಗಲೂ ಎಲ್‌ಇಡಿಯೇ ಗತಿ. ಎರಡು ಸಲ ಮಿನುಗಿದರೆ ಮೆಮೊರಿ, ಮೂರು ಸಲವಾದರೆ ಪಿಎಚ್‌ವೈ ಎಂದು ಮುಚ್ಚಳದ ಒಳಗೆ ಕನ್ನಡದಲ್ಲಿ ಚೀಟಿ ಅಂಟಿಸಿದರೆ ಪಂಚಾಯಿತಿಯ ವಾಟರ್‌ಮನ್ ಕೂಡ ಫೋನಿನಲ್ಲಿ ಹೇಳಬಲ್ಲ.

ಕೊಳ್ಳುವ ಇಲಾಖೆಗಳಲ್ಲಿ, ಪಂಚಾಯಿತಿಗಳಲ್ಲಿ ನಮ್ಮ ಕಳಕಳಿಯ ವಿನಂತಿ: ಟೆಂಡರಿನಲ್ಲಿ ಪ್ರೊಸೆಸರಿನ ವೇಗ, ಮೆಮೊರಿ, ನೀರು, ದೂಳು ತಡೆಯುವ ಐಪಿ67 ಡಬ್ಬಿ ಎಲ್ಲ ಬರೆಯುತ್ತೀರಿ. ಇದನ್ನೂ ಒಂದು ಸಾಲು ಬರೆಯಿರಿ. ಯು-ಬೂಟ್ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಆವೃತ್ತಿ 2ರ ಅಡಿಯಲ್ಲಿರುವುದರಿಂದ, ಅದನ್ನು ಹಾಕಿ ಮಾರಿದವರಿಂದ ಅದರ ಮೂಲ ಕೋಡ್ ಕೇಳುವ ಹಕ್ಕು ಪೆಟ್ಟಿಗೆ ಪಡೆದವರಿಗಿದೆ. ಜೊತೆಗೆ ಕೊಡದೆ ಲಿಖಿತ ವಾಗ್ದಾನ ಕೊಟ್ಟಿದ್ದರೆ ಅದು ಕನಿಷ್ಠ 3 ವರ್ಷ ಊರ್ಜಿತವಾಗಿರಬೇಕು. ಮಾರಿದವರು ಅಂಗಡಿ ಮುಚ್ಚಿದರೂ ಮುಂದೊಂದು ದಿನ ಈ ಬಾಯಿಯನ್ನು ಬೇರೆಯವರಿಂದ ಹಾಕಿಸಿಕೊಳ್ಳಲು ಆ ಕೋಡ್ ಬೇಕಾಗುತ್ತದೆ. ಸರಕು ಬಂದ ದಿನವೇ ಕೇಳಿ ಇಟ್ಟುಕೊಳ್ಳಿ.

ಸರಕು ಒಪ್ಪಿಕೊಳ್ಳುವಾಗ ಯಾವುದಾದರೂ ಒಂದು ಪೆಟ್ಟಿಗೆ ಎತ್ತಿಕೊಂಡು ಮೂರು ಪರೀಕ್ಷೆ ಮಾಡಿಸಿ. ಕರ್ನಲ್ ಪಾರ್ಟಿಷನ್ನಿನ ಮೊದಲ 64 ಬೈಟ್ ಅಳಿಸಿ ವಿದ್ಯುತ್ ಕೊಡಿ. 60 ಸೆಕೆಂಡಿನೊಳಗೆ ಸೀರಿಯಲ್ ಸಂಖ್ಯೆ ಸಮೇತ ಸಂದೇಶ ಸರ್ವರಿಗೆ ಬರಬೇಕು. ಎರಡನೆಯದಾಗಿ, ಕರ್ನಲ್ ಸರಿಪಡಿಸಿ ರೂಟ್ ಪಾರ್ಟಿಷನ್ನಿನ ಹೆಸರು ತಪ್ಪಾಗಿ ಕೊಡಿ. ಕೆಲವು ಸಲ ರೀಸೆಟ್ ಆದ ಮೇಲೆ ಬೂಟ್‌ಕೌಂಟ್ ಹೊತ್ತ ಸಂದೇಶ ಬರಬೇಕು. ಕೊನೆಯದಾಗಿ ಎಲ್ಲ ಸರಿಪಡಿಸಿ, ಲ್ಯಾನ್ ಕೇಬಲ್ ಕಿತ್ತು ವಿದ್ಯುತ್ ಕೊಡಿ. ಪೆಟ್ಟಿಗೆ ಮಾಮೂಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಏಳಬೇಕು. ಮೂರನೆಯದರಲ್ಲಿ ಬಿದ್ದರೆ ಸಂದೇಶದ ಆಸೆಗೆ ಬೂಟನ್ನೇ ಬಲಿ ಕೊಟ್ಟಿದ್ದಾರೆಂದು ತಿಳಿಯಿರಿ, ಸರಕು ವಾಪಸ್ ಕಳುಹಿಸಿ, ನೆಟ್‌ರಿಟ್ರೈ ಏನಿದೆ ಎಂದು ಕೇಳಿ.

ಇಂತಿ,
ಎಂಬೆಡೆಡ್ ಸಾಧನಗಳ ಕೆಲಸದಲ್ಲಿರುವ ಓದುಗರು
ಬೆಂಗಳೂರು